ಕೋಮ್ ನಬಕಿನ ಹೆಣ್ಣುಮಕ್ಕಳು

ಗಾಳಿ ಬಿದ್ದುಹೋಗಿ ಎರಡು ದಿನವಾಗಿತ್ತು. ಅಸ್ಯೂತಿನಿಂದ ಹೊರಟ ದೋಣಿ ನೈಲ್ ನದಿಯ ನಡುವಿನ ಮರಳುದಿಣ್ಣೆಗೆ ಮೂತಿ ಊರಿ ನಿಂತುಬಿಟ್ಟಿತ್ತು. ಹಾಯಿ ಒದ್ದೆ ಸೀರೆಯ ಹಾಗೆ ಜೋತುಬಿದ್ದಿತ್ತು. ಅದರ ತುಂಡು ನೆರಳಿನಲ್ಲಿ ಕೂತು ರೈಹಾನಾ ಆರು ವರ್ಷದ ವರ್ದಾಳ ಎಡತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡು ನೋಡುತ್ತಿದ್ದಳು.

ತೋಳಿನ ಮೇಲೆ ಮೂರು ಗುಳ್ಳೆಗಳು ಎದ್ದಿದ್ದವು. ಒಂದೊಂದರ ನಡುವೆಯೂ ಸಣ್ಣ ತಗ್ಗು. ಸುತ್ತ ಬೆಳಗಿನ ಮಂಜಿನ ಬಣ್ಣ.

"ಎಷ್ಟನೇ ದಿನ?" ಎಂದು ಕೇಳಿದ ವರ್ದಾಳ ಅಪ್ಪ, ಕ್ಷೌರಿಕ ಅತ್ವಾ. ಉತ್ತರ ಅವನಿಗೂ ಗೊತ್ತಿತ್ತು.

"ಆರು."

"ನಿನ್ನೆನೂ ಆರು ಅಂದ್ರಲ್ಲ, ಸಿತ್ತ್ ಹಕೀಮಾ."

"ನಿನ್ನೆ ಐದು ಅಂದೆ, ಉಸ್ತಾ. ನಿನಗೆ ಎಣಿಸೋಕೆ ಬರೋದು ಗಿರಾಕಿಗಳ ತಲೆ ಮಾತ್ರ."

ನಾಡನ್ನಾಳುವ ಪಾಷಾನ ಶಾಲೆಯಲ್ಲಿ ಓದಿ ಬಂದ ವೈದ್ಯೆಯರನ್ನು ಜನ ಹಕೀಮಾ ಎನ್ನುತ್ತಿದ್ದರು, ಅತ್ವಾನಂಥ ಕಸುಬುದಾರರನ್ನು ಉಸ್ತಾ. ರೈಹಾನಾಳ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಹಬಶಿಗಳ ಬೆಟ್ಟದ ಸೀಮೆಯಿಂದ ಹಿಡಿದು ತಂದ ಮಕ್ಕಳ ಸಾಲಿನಲ್ಲಿ ನಡೆದು ಬಂದವಳು ಅವಳು. ದಾರಿಯಲ್ಲಿ ಸಿಡುಬು ಎದ್ದು, ಸಾಲಿನ ಅರ್ಧ ಮಕ್ಕಳು ಮರಳಿನಲ್ಲೇ ಉಳಿದರು. ಉಳಿದವರನ್ನು ಕೈರೋದ ಸಂತೆಯಲ್ಲಿ ಮಾರಿದರು. ಶಾಲೆಗೆ ಹೆಣ್ಣುಮಕ್ಕಳು ಬೇಕಾಗಿದ್ದರು, ಆದರೆ ಮನೆತನಸ್ಥರು ಯಾರೂ ತಮ್ಮ ಮಗಳನ್ನು ಕೊಡಲೊಲ್ಲರು. ಹಾಗಾಗಿ ಪಾಷಾನ ಜನ ಸಂತೆಗೇ ಬಂದು ಹತ್ತು ಹುಡುಗಿಯರನ್ನು ಕೊಂಡರು. ಅಲ್ಲಿ ಅವಳು ಓದು ಕಲಿತಳು, ಎಲುಬುಗಳ ಹೆಸರು ಕಲಿತಳು, ಹೆರಿಗೆ ಮಾಡಿಸುವುದನ್ನು ಕಲಿತಳು. ಈಗ ಅವಳಿಗೆ ಸೈನ್ಯದ ಕಿರಿಯ ಅಧಿಕಾರಿಯ ದರ್ಜೆ ಇತ್ತು, ಎದೆಯ ಮೇಲೆ ಬಿಲ್ಲೆ ಇತ್ತು, ಸರ್ಕಾರದ ಒಂದು ಕತ್ತೆಯಿತ್ತು. ಕತ್ತೆ ಈಗ ದೋಣಿಯ ಹಿಂಬದಿಯಲ್ಲಿ ನಿಂತು ಹಗ್ಗ ಅಗಿಯುತ್ತಿತ್ತು.

ಕಲಿತದ್ದರಲ್ಲೆಲ್ಲ ಅವಳಿಗೆ ಹಳತಾಗದೆ ಉಳಿದದ್ದು ಒಂದೇ: ಈ ಗುಳ್ಳೆಯೊಳಗಿನ ನೀರು. ಫಿರಂಗಿಗಳ ನಾಡಿನ ಯಾವುದೋ ಹಸುವಿನ ಕೆಚ್ಚಲಿನಿಂದ ಹೊರಟದ್ದಂತೆ ಅದು. ಒಂದು ಮಗುವಿನ ತೋಳಿಗೆ ಚುಚ್ಚಿದರೆ ಎಂಟನೆಯ ದಿನ ಗುಳ್ಳೆ ತುಂಬುತ್ತದೆ. ಆ ದಿನ ಅದರ ಹನಿ ತೆಗೆದು ಇನ್ನೊಂದು ಮಗುವಿಗೆ ಹಾಕಬೇಕು. ಒಂಬತ್ತಕ್ಕೂ ನಡೆದೀತು. ಹತ್ತಕ್ಕೆ ನೀರು ಮೊಸರಾಗುತ್ತದೆ, ಒಳಗಿನದು ಸಾಯುತ್ತದೆ. ಹಾಕಿಸಿಕೊಂಡ ಮಗುವಿಗೆ ಜನ್ಮದಲ್ಲಿ ಸಿಡುಬು ಮುಟ್ಟುವುದಿಲ್ಲ. ಐವತ್ತು ವರ್ಷಗಳಿಂದ ಅದು ನೆಲಕ್ಕೆ ಕಾಲಿಡದೆ ತೋಳಿನಿಂದ ತೋಳಿಗೆ ನಡೆದು ಬಂದಿದೆ, ಎಂದು ಮೇಷ್ಟ್ರು ಹೇಳಿದ ದಿನ ರೈಹಾನಾಳಿಗೆ ಊಟ ಸೇರಿರಲಿಲ್ಲ.

ಗಾಜಿನ ಚೂರುಗಳ ನಡುವೆ ಒಣಗಿಸಿ ಕಳಿಸುವ ಬಗೆಯೂ ಇತ್ತು. ಆ ಚಳಿಗಾಲ ಹಡಗಿನಲ್ಲಿ ನಲವತ್ತು ಗಾಜು ಬಂದಿದ್ದವು. ಬಿಸಿಲೋ, ಉಪ್ಪುಗಾಳಿಯೋ, ನಲವತ್ತರಲ್ಲಿ ಒಂದೂ ಹಿಡಿಯಲಿಲ್ಲ. ಇಡೀ ಪ್ರಾಂತ್ಯದಲ್ಲಿ ಜೀವಂತ ಉಳಿದದ್ದು ಅಸ್ಯೂತಿನ ಇಬ್ಬರು ಮಕ್ಕಳ ತೋಳಿನಲ್ಲಿ ಮಾತ್ರ. ತೆಂಕಣದ ಹಳ್ಳಿಗಳಲ್ಲಿ ಸಿಡುಬು ಎದ್ದಿದೆ ಎಂಬ ಸುದ್ದಿ ಬಂದಾಗ ಆ ಇಬ್ಬರಿಂದ ಮತ್ತಿಬ್ಬರಿಗೆ ಹಾಕಿಕೊಂಡು ರೈಹಾನಾ ಹೊರಟಳು. ಒಬ್ಬ ದೋಣಿಯವನ ಮಗ. ಇನ್ನೊಬ್ಬಳು ವರ್ದಾ. ಬೇರೆ ಯಾರೂ ಮಕ್ಕಳನ್ನು ಕೊಡದಿದ್ದಾಗ ಅತ್ವಾ ತನ್ನ ಮಗಳನ್ನೇ ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. ತಾಯಿಯಿಲ್ಲದ ಹುಡುಗಿ, ಬಿಟ್ಟು ಬರಲು ಮನೆಯೂ ಇರಲಿಲ್ಲ.

ದೋಣಿಯವನ ಮಗ ಐದನೆಯ ದಿನ ತುರಿಕೆ ತಾಳದೆ ತೋಳನ್ನು ಹಗ್ಗಕ್ಕೆ ಉಜ್ಜಿ ಉಜ್ಜಿ ಹರಿದುಕೊಂಡು, ಉರಿ ತಾಳದೆ ನೀರಿಗೆ ಹಾರಿದ; ಅವನ ಗುಳ್ಳೆಗಳೆಲ್ಲ ಹಾಳಾದವು. ಉಳಿದದ್ದು ವರ್ದಾಳ ಮೂರು ಗುಳ್ಳೆ.

"ಇಳಿಯೋಣ," ಎಂದಳು ರೈಹಾನಾ. "ನಡೆದರೆ ನಾಡಿದ್ದು ಬೆಳಿಗ್ಗೆ ಕೋಮ್ ನಬಕ್ ಸಿಗುತ್ತೆ."

"ನಡೆಯೋರು ಯಾರು?"

"ಕತ್ತೆ ಮೇಲೆ ವರ್ದಾ. ನಾವಿಬ್ಬರೂ ಕಾಲ ಮೇಲೆ."

"ಅಧಿಕಾರಿಗಳು ನಡೀತಾರೆ, ಕ್ಷೌರಿಕನ ಮಗಳು ಸವಾರಿ ಮಾಡ್ತಾಳೆ," ಎಂದ ಅತ್ವಾ, ಗಂಟು ಕಟ್ಟುತ್ತ. "ಕಾಲ ಕೆಟ್ಟಿದೆ ಅಂತ ನಮ್ಮಪ್ಪ ಸುಮ್ಮನೆ ಹೇಳ್ತಿರಲಿಲ್ಲ."

ಕಾಲುವೆಯ ಏರಿಯ ಮೇಲೆ ಒಂದೂವರೆ ದಿನ ನಡೆದರು. ದಾರಿಯಲ್ಲಿ ಸಿಕ್ಕ ಒಂದು ಊರಿನ ಸ್ಮಶಾನದಲ್ಲಿ ಗೇಣುದ್ದ, ಮೊಳದುದ್ದದ ಹೊಸ ಗೋರಿಗಳಿದ್ದವು. ರೈಹಾನಾ ತನ್ನ ಮೇಲುಹೊದಿಕೆ ತೆಗೆದು ವರ್ದಾಳಿಗೆ ಸುತ್ತಿದಳು.

ಎಂಟನೆಯ ದಿನ ಬೆಳಿಗ್ಗೆ ಕೋಮ್ ನಬಕ್ ಕಾಣಿಸಿತು. ದಿಬ್ಬದ ಮೇಲೆ ಮಣ್ಣಿನ ಮನೆಗಳು, ಅವುಗಳ ಹಿಂದೆ ಎತ್ತರದ ಪಾರಿವಾಳದ ಗೋಪುರಗಳು. ಊರಲ್ಲಿ ಹೊಗೆ ಏಳುತ್ತಿತ್ತು, ಕೋಳಿಗಳು ಕೆದಕುತ್ತಿದ್ದವು. ಆದರೆ ಒಂದು ಮಗುವಿನ ದನಿ ಇರಲಿಲ್ಲ. ಊರ ಮುಖ್ಯಸ್ಥ ಶೇಖ್ ಹರೀದಿ ಎರಡೂ ಕೈ ಎದೆಯ ಮೇಲಿಟ್ಟು ಎದುರುಗೊಂಡ.

"ಬನ್ನಿ, ಊರು ಬೆಳಗಿತು. ಆದರೆ ಏನು ಮಾಡೋದು ಹಕೀಮಾ, ನಮ್ಮೂರಲ್ಲಿ ಮಕ್ಕಳೇ ಇಲ್ಲ."

"ಒಂದೂ ಇಲ್ವಾ?"

"ದೇವರು ಕೊಟ್ಟಿಲ್ಲ."

ಅತ್ವಾ ಬಗ್ಗಿ ದೂಳಿನಲ್ಲಿ ಬಿದ್ದಿದ್ದ ಚಿಂದಿಯ ಚೆಂಡೊಂದನ್ನು ಎತ್ತಿದ. "ಇದು ನಿಮ್ಮದಾ ಶೇಖ್? ಸಾಯಂಕಾಲ ಆಡ್ತೀರೇನೋ."

ರೈಹಾನಾ ಆಕಾಶ ನೋಡುತ್ತಿದ್ದಳು. ನೂರಾರು ಪಾರಿವಾಳಗಳು ಗೋಪುರಗಳ ಮೇಲೆ ಸುತ್ತುತ್ತಲೇ ಇದ್ದವು. ಇಳಿಯುವಂತೆ ಬಾಗುತ್ತಿದ್ದವು, ಮತ್ತೆ ಮೇಲೇರುತ್ತಿದ್ದವು. ಗೂಡಿನಲ್ಲಿ ಜಾಗವಿಲ್ಲ ಎಂದು ಅವಳಿಗೆ ಅರ್ಥವಾಯಿತು. ಊರಿನ ಮಕ್ಕಳೆಲ್ಲ ಆ ಗೋಪುರಗಳ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು.

ಶೇಖನೂ ಅವಳ ನೋಟವನ್ನು ಹಿಂಬಾಲಿಸಿದ. ದನಿ ತಗ್ಗಿಸಿದ. "ನಿಮ್ಮ ಹತ್ರ ಕಾಗದ ಇದೆ ಅಂತ ಗೊತ್ತು. ಹೇಳಿಬಿಡಿ, ನನ್ನ ಕೋಲಿನವರು ಎಳ್ಕೊಂಡು ಬರ್ತಾರೆ. ಆಮೇಲೆ ನಮ್ಮ ಮೇಲೆ ದೂರು ಬೇಡ."

ಕಾಗದ ಇತ್ತು. ಮಕ್ಕಳನ್ನು ಬಚ್ಚಿಟ್ಟವರಿಗೆ ಚಾವಟಿ ಎಂದು ಅದರಲ್ಲಿ ಬರೆದಿತ್ತು. ಅಸ್ಯೂತಿನ ಆಚೆಯ ಒಂದು ಊರಿನಲ್ಲಿ ಹಿಂದಿನ ವರ್ಷ ಹಾಗೇ ಆಗಿತ್ತು. ಕೋಲು ತೋರಿಸಿ ಮೂವತ್ತು ಮಕ್ಕಳಿಗೆ ಚುಚ್ಚಿದರು. ಅಧಿಕಾರಿಗಳು ಹೋದ ಕೂಡಲೇ ತಾಯಂದಿರು ನಿಂಬೆರಸ, ಬೂದಿ ಹಾಕಿ ಉಜ್ಜಿ ತೊಳೆದರು. ಎಂಟನೆಯ ದಿನ ಹೋಗಿ ನೋಡಿದರೆ ಒಂದೇ ಒಂದು ಗುಳ್ಳೆ ಇರಲಿಲ್ಲ. ಹೆದರಿಸಿದರೆ ಜನ ಒಂದು ಸಲ ತೋಳು ಕೊಟ್ಟಾರು. ಈ ಮದ್ದಿಗೆ ಅವರು ಎಂಟು ದಿನ ಬಿಟ್ಟು ಮತ್ತೆ ತಾವಾಗಿ ಬರಬೇಕು.

"ಕೋಲು ಬೇಡ," ಎಂದಳು. "ಬೋರೆಮರದ ಕೆಳಗೆ ಕೂತಿರ್ತೀವಿ. ನೀರು ಕೊಡಿಸಿ, ಸಾಕು."

ಕೂತರು. ಬಿಸಿಲು ಏರಿತು. ವರ್ದಾಳ ಗುಳ್ಳೆಗಳು ತುಂಬಿ ಬಿಗಿದು ಬೆಳಕಿಗೆ ಹೊಳೆಯುತ್ತಿದ್ದವು. ಸುತ್ತ ಕೆಂಪು ಉಂಗುರ ಕಟ್ಟುತ್ತಿತ್ತು. ಜ್ವರದಿಂದ ಅವಳ ಕೆನ್ನೆ ಬಿಸಿಯಾಗಿತ್ತು. ಮಧ್ಯಾಹ್ನದ ಪ್ರಾರ್ಥನೆ ಮುಗಿಯಿತು. ಯಾರೂ ಬರಲಿಲ್ಲ. ಮೂರನೆಯ ಪ್ರಾರ್ಥನೆಯ ಹೊತ್ತಿಗೆ ಅತ್ವಾ ಮಗಳ ಪಕ್ಕ ಮಂಡಿಯೂರಿ, "ಇನ್ನೊಂದು ದಿನ ಇದೆಯಲ್ಲ?" ಎಂದ.

"ಇದೆ," ಎಂದಳು ರೈಹಾನಾ. ಐವತ್ತು ವರ್ಷ ನಡೆದದ್ದು ಈ ಬೋರೆಮರದ ಕೆಳಗೆ ನಿಂತುಹೋಗುವುದೆ?

ಆಗ ಒಬ್ಬಳು ಬಂದಳು. ಎಲುಬು ದೊಡ್ಡ ಹೆಂಗಸು, ಗಲ್ಲದ ಮೇಲೆ ಹಸಿರು ಹಚ್ಚೆ. ಹಿಂದೆ ಹದಿನಾರು ಹದಿನೇಳರ ಮಗ. ಅವನ ಬಲಗಣ್ಣಿನ ಜಾಗದಲ್ಲಿ ಬರೀ ಬಿಳಿ ಇತ್ತು. ಊರೆಲ್ಲ ಅವಳನ್ನು ಉಮ್ಮು ಗಾದ್, ಗಾದನ ತಾಯಿ ಎಂದು ಕರೆಯುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲೇ ನಿಂತಳು.

"ನೀನೇನಾ ಪಾಷಾನ ಮುದ್ರೆ ಒತ್ತೋಳು?"

"ಮುದ್ರೆ ಅಲ್ಲ. ಮದ್ದು."

"ನನ್ನ ದೊಡ್ಡ ಮಗ ಗಾದ್. ಅವನ ಹೆಸರು ಬರ್ಕೊಂಡು ಹೋದ್ರು, ಆಮೇಲೆ ಅವನನ್ನೇ ಸೈನ್ಯಕ್ಕೆ ಕರ್ಕೊಂಡು ಹೋದ್ರು. ಕೈಗೆ ಹಚ್ಚೆ ಚುಚ್ಚಿದ್ರಂತೆ, ಓಡಿಹೋದ್ರೆ ಗೊತ್ತಾಗ್ಲಿ ಅಂತ. ಒಂಬತ್ತು ವರ್ಷ ಆಯ್ತು. ಇವನು ಮನ್ಸೀ." ಮಗನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಈ ಕಣ್ಣು ನಾನೇ ತೆಗ್ದೆ, ಇಲಿಪಾಷಾಣ ಹಾಕಿ. ಸಿಪಾಯಿ ಗುರಿ ಇಡೋದು ಬಲಗಣ್ಣಲ್ಲಂತೆ. ಈಗ ನೋಡಿದ್ರೆ ಒಕ್ಕಣ್ಣರದೇ ಒಂದು ಪಡೆ ಕಟ್ಟಿದಾರಂತೆ. ನೀನು ಬಂದು ಮಕ್ಕಳ ತೋಳಿಗೆ ಗುರುತು ಹಾಕ್ತೀನಿ, ಪುಕ್ಕಟೆ ಅಂತೀಯ. ಪಾಷಾ ನಮಗೆ ಪುಕ್ಕಟೆಯಾಗಿ ಏನಾದ್ರೂ ಕೊಟ್ಟಿದ್ದು ನೀನು ಕಂಡಿದೀಯಾ?"

ಮನ್ಸೀ ತಾಯಿಯ ಕೈಯಿಂದ ಗಲ್ಲ ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದ.

"ಗುರುತು ಹುಡುಗಿಯರಿಗೂ ಹಾಕ್ತೀನಿ," ಎಂದಳು ರೈಹಾನಾ. "ಪಾಷಾ ಹುಡುಗಿಯರನ್ನ ಸೈನ್ಯಕ್ಕೆ ಕರೆಯಲ್ಲ. ಎಲ್ಲರ ತೋಳಲ್ಲೂ ಇದ್ರೆ ಅದರಿಂದ ಯಾರನ್ನ ಹಿಡೀತಾರೆ?"

ಉಮ್ಮು ಗಾದ್ ಮಗನ ಗಲ್ಲ ಬಿಟ್ಟಳು. ಹತ್ತಿರ ಬಂದಳು. ವರ್ದಾಳ ತೋಳನ್ನು ಕಂಡು ಅವಳ ಮುಖ ಬದಲಾಯಿತು. "ಅಯ್ಯೋ, ಇದು ಸಿಡುಬೇ ಅಲ್ವಾ! ಮೂರೇ ಮೂರು ಗುಳ್ಳೆ. ಇಷ್ಟು ಹಗುರದ್ದು ನಾನು ನೋಡೇ ಇಲ್ಲ. ಇದು ಮಾರೋದಾ?"

ಸಿಡುಬು ಕೊಳ್ಳುವುದು ಆ ಸೀಮೆಯ ಹೆಂಗಸರಿಗೆ ಅಜ್ಜಿಯರ ಕಾಲದಿಂದ ಗೊತ್ತಿದ್ದ ಕೆಲಸ. ಹಗುರವಾಗಿ ಸಿಡುಬೆದ್ದ ಮಗುವಿನ ಮನೆಗೆ ಹೋಗಿ, ಆ ಮಗುವಿನ ತೋಳಿಗೆ ಬಟ್ಟೆ ಕಟ್ಟಿ, ಗುಳ್ಳೆಗೆ ಇಷ್ಟು ಖರ್ಜೂರ ಎಂದು ಚೌಕಾಸಿ ಮಾಡಿ, ಬಟ್ಟೆಯನ್ನು ತಂದು ತಮ್ಮ ಮಗುವಿಗೆ ಕಟ್ಟುತ್ತಿದ್ದರು. ಚೌಕಾಸಿ ಮಾಡದೆ ತಂದರೆ ಅದು ಹಿಡಿಯದು ಎಂಬ ನಂಬಿಕೆ. ಕೊಂಡ ಸಿಡುಬು ಹೆಚ್ಚಿನ ಮಕ್ಕಳನ್ನು ಉಳಿಸುತ್ತಿತ್ತು. ಕೆಲವರನ್ನು ಒಯ್ಯುತ್ತಿತ್ತು. ಉಮ್ಮು ಗಾದಳ ನಡುವಿನ ಮಗಳು ಹಾಗೇ ಹೋದವಳು.

"ಇದರಲ್ಲಿ ಸಾವಿಲ್ಲ," ಎಂದಳು ರೈಹಾನಾ ಮೆಲ್ಲನೆ. "ಇನ್ನೊಬ್ಬರಿಗೆ ಹರಡೋದೂ ಇಲ್ಲ. ಇದು ಸಿಡುಬಿನ ಹಸು ಜಾತಿ."

"ಮಾರ್ತೀಯೋ ಇಲ್ವೋ?"

"ನನ್ನದಲ್ಲ. ಇವಳದು. ಇವಳನ್ನೇ ಕೇಳು."

ಉಮ್ಮು ಗಾದ್ ವರ್ದಾಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಏನಮ್ಮಾ ಯಜಮಾನಿ, ನೋವಿದೆಯಾ?"

"ತುರಿಸುತ್ತೆ," ಎಂದಳು ವರ್ದಾ. "ಕೆರ್ಕೋಬೇಡ ಅಂತ ಅಪ್ಪ ಹೇಳ್ತಾನೆ. ಅವನು ಮಾತ್ರ ದಿನವಿಡೀ ಗಡ್ಡ ಕೆರ್ಕೋತಾನೆ."

"ಗಂಡಸರು ಹಾಗೇ. ಗುಳ್ಳೆಗೆ ಎಷ್ಟು? ಐದು ಖರ್ಜೂರ ಕೊಡ್ತೀನಿ."

ವರ್ದಾ ಆಕಾಶ ತೋರಿಸಿದಳು. "ಪಾರಿವಾಳ ಕೊಡು."

"ಮೂರು ಗುಳ್ಳೆಗೆ ಪಾರಿವಾಳನಾ? ಕ್ಷೌರಿಕನ ಮಗಳು ಅಂತ ಕೇಳೋದೇ ಬೇಡ, ಬರೀ ಕೈಯಲ್ಲಿ ಬೋಳಿಸ್ತೀಯ. ಏಳು ಖರ್ಜೂರ, ಒಂದು ಬಿಸಿ ರೊಟ್ಟಿ."

"ಪಾರಿವಾಳ. ಬಿಳೀದು."

ದೂರದ ಗೋಡೆಯ ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. ಆಗ ಗೊತ್ತಾಯಿತು, ಊರ ಹೆಂಗಸರೆಲ್ಲ ಅಲ್ಲಿ ಕಿವಿಗೊಟ್ಟು ನಿಂತಿದ್ದಾರೆಂದು. ಕಡೆಗೆ ಬಿಳಿ ಪಾರಿವಾಳ ಒಂದು, ಖರ್ಜೂರ ಏಳು ಎಂದು ತೀರ್ಮಾನವಾಯಿತು. ಉಮ್ಮು ಗಾದ್ ಎದ್ದು ಗೋಪುರದ ಕಡೆಗೆ ಮುಖ ಮಾಡಿ, "ಬಹಿಯ್ಯಾ" ಎಂದು ಕೂಗಿದಳು. ಮೈತುಂಬ ಗರಿ ಅಂಟಿಸಿಕೊಂಡ ನಾಲ್ಕು ವರ್ಷದ ಹುಡುಗಿಯೊಬ್ಬಳು ಹೊರಗೆ ಬಂದಳು. ಗಾದ್ ಹೋದ ಮೇಲೆ ಅವನ ಹೆಂಡತಿ ದಾಯಾದಿಯೊಬ್ಬನ ಮನೆ ಸೇರಿ ಹೆತ್ತ ಮಗು ಅದು. ಉಮ್ಮು ಗಾದ್ ಅದನ್ನು ಗಾದನ ಮಗಳೆಂದೇ ಸಾಕಿಕೊಂಡಿದ್ದಳು.

ರೈಹಾನಾ ಮೊನೆಚೂರಿಯನ್ನು ವರ್ದಾಳ ಗುಳ್ಳೆಯ ಅಂಚಿಗೆ ತಾಗಿಸಿದಳು. ರಕ್ತ ಬರಲಿಲ್ಲ. ಕಣ್ಣೀರಿಗಿಂತ ತಿಳಿಯಾದ ಒಂದು ಹನಿ ಮೇಲೆದ್ದು ನಿಂತಿತು. ಅಷ್ಟರೊಳಗೆ ಏನಿದೆ ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ದೊಡ್ಡ ವೈದ್ಯನಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣುವುದು ನೀರು. ಸಮುದ್ರ ದಾಟಿ, ನದಿ ಏರಿ, ಹೆಸರು ಕೇಳದ ಸಾವಿರಾರು ಮಕ್ಕಳ ಮೈಯೊಳಗೆ ಎಂಟೆಂಟು ದಿನ ತಂಗಿ ಇಲ್ಲಿಗೆ ಬಂದದ್ದು ಅದೇ. ಚೂರಿಯ ತುದಿಯಲ್ಲಿ ಅದನ್ನೆತ್ತಿ ಬಹಿಯ್ಯಾಳ ತೋಳಿನಲ್ಲಿ ಮೂರು ಕಡೆ ಗೀರಿದಳು.

ಹಾಕಿಯಾದ ಮೇಲೆ ಕತ್ತೆಯ ಚೀಲದಿಂದ ಪುಸ್ತಕ, ಶಾಯಿ ತೆಗೆದಾಗ ಉಮ್ಮು ಗಾದ್ ಅವಳ ಮಣಿಕಟ್ಟು ಹಿಡಿದುಕೊಂಡಳು. "ಅದೇನು ಬರೀತೀಯ?"

"ಹೆಸರು. ಬರೀಲೇಬೇಕು, ನಿಯಮ. ಬರೀದಿದ್ರೆ ನಾನು ಹಾಕೇ ಇಲ್ಲ ಅಂತಾರೆ."

"ಬಹಿಯ್ಯಾ ಅಂತ ಬರ್ಕೋ. ಹುಡುಗಿ ಅಲ್ವಾ. ಗಂಡುಮಕ್ಕಳನ್ನ ಯಾರೂ ಕರ್ಕೊಂಡು ಬರಲ್ಲ, ಈಗ್ಲೇ ಹೇಳ್ತೀನಿ. ಹೆಸರು ಹೋದ ಮನೆಯಿಂದ ಮನುಷ್ಯನೂ ಹೋಗ್ತಾನೆ."

ರೈಹಾನಾ ಲೇಖನಿ ಹಿಡಿದು ಕೂತಳು. ಅವಳ ತಾಯಿ ಇಟ್ಟ ಹೆಸರು ಬೇರೆಯಿತ್ತು. ಕೈರೋದ ವ್ಯಾಪಾರಿ ಮಾರಾಟದ ಚೀಟಿಯಲ್ಲಿ ರೈಹಾನಾ ಎಂದು ಬರೆದ ದಿನದಿಂದ ಅವಳು ರೈಹಾನಾ ಆದಳು. ಮೊದಲಿನ ಹೆಸರು ಯಾವ ಕಾಗದದ ಮೇಲೂ ಇರಲಿಲ್ಲ, ಹಾಗಾಗಿ ಅದನ್ನು ಯಾರೂ ಮಾರಲಾಗಲಿಲ್ಲ. ಈಗಲೂ ಅದು ಅವಳ ಹತ್ತಿರವೇ ಇತ್ತು.

ಗೋಡೆಯ ಹಿಂದಿನಿಂದ ಇನ್ನೊಬ್ಬ ತಾಯಿ ಬಂದಿದ್ದಳು, ಸೊಂಟದ ಮೇಲೆ ಮೂರು ವರ್ಷದ ಗಂಡುಮಗು. ಬಂದವಳು ಹಿಂದೆ ಹೋಗಲೂ ಆಗದೆ, ಮುಂದೆ ಬರಲೂ ಆಗದೆ ನಿಂತಿದ್ದಳು. ಮಗುವಿನ ಹೆಸರೇನೆಂದು ಕೇಳಿದ್ದಕ್ಕೆ, "ಅಬ್ದುನ್ನಈಮ್," ಎಂದಳು.

"ಸರಿಯಾಗಿ ಕೇಳಿಸಲಿಲ್ಲ," ಎಂದಳು ರೈಹಾನಾ. "ನಈಮಾ ಅಂದೆಯಾ?"

ಆ ತಾಯಿ ತಲೆಯೆತ್ತಿ ಅವಳನ್ನು ದಿಟ್ಟಿಸಿದಳು. ಉಮ್ಮು ಗಾದಳ ಹಿಡಿತ ಮಣಿಕಟ್ಟಿನಿಂದ ಸಡಿಲವಾಯಿತು.

"ಹೌದು," ಎಂದಳು ತಾಯಿ. "ನಈಮಾ."

ಅತ್ವಾ ಕೆಮ್ಮಿದ. "ನನಗೆ ಅಕ್ಷರ ಬರಲ್ಲ," ಎಂದ, ಯಾರೂ ಕೇಳದಿದ್ದರೂ. "ಕಿವಿನೂ ಈಚೆಗೆ ಸ್ವಲ್ಪ ಮಂದ."

ಸೂರ್ಯ ಮುಳುಗುವುದರೊಳಗೆ ಒಂಬತ್ತು ಮಕ್ಕಳಿಗಾಯಿತು. ಪುಸ್ತಕದಲ್ಲಿ ಒಂಬತ್ತು ಹೆಣ್ಣುಮಕ್ಕಳ ಹೆಸರಿದ್ದವು.

ಆಮೇಲಿನ ಎಂಟು ದಿನ ಅವರು ಉಮ್ಮು ಗಾದಳ ಮನೆಯಲ್ಲೇ ಉಳಿದರು. ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿ, ಈರುಳ್ಳಿ, ಹಳೆಯ ಗಿಣ್ಣಿನ ಉಪ್ಪು ನೀರು. ಅತ್ವಾ ಊರ ಗಂಡಸರ ತಲೆಗಳನ್ನೆಲ್ಲ ಬೋಳಿಸಿದ. ವರ್ದಾ ಬಿಳಿ ಪಾರಿವಾಳದ ಕಾಲಿಗೆ ದಾರ ಕಟ್ಟಿಕೊಂಡು ತಿರುಗಿದಳು. ರೈಹಾನಾ ದಿನಾ ಬೆಳಿಗ್ಗೆ ಒಂಬತ್ತು ಮನೆಗೂ ಹೋಗಿ ತೋಳು ನೋಡಿ ಬರುತ್ತಿದ್ದಳು. ಎರಡನೆಯ ದಿನ ಏನೂ ಇರಲಿಲ್ಲ. ಮೂರನೆಯ ದಿನವೂ ಏನಿಲ್ಲ. ಖರ್ಜೂರ ದಂಡವಾಯಿತು ಎಂದು ಬಾವಿಕಟ್ಟೆಯಲ್ಲಿ ಮಾತೆದ್ದಿತು. ನಾಲ್ಕನೆಯ ದಿನ ಬಹಿಯ್ಯಾಳ ತೋಳಿನ ಮೇಲೆ ಸಾಸಿವೆಯಷ್ಟು ಕೆಂಪು ಕಂಡಿತು. ಆರನೆಯ ದಿನ ಮಂಜಿನ ಬಣ್ಣ ಬಂತು. ಏಳು ಮಕ್ಕಳಿಗೆ ಹಿಡಿದಿತ್ತು. ಇಬ್ಬರಿಗೆ ಹಿಡಿಯಲಿಲ್ಲ, ಅವರಲ್ಲೊಬ್ಬನನ್ನು ತಾಯಿ ಏಳನೆಯ ದಿನ ಪಕ್ಕದೂರಿನ ತವರಿಗೆ ಕರೆದುಕೊಂಡು ಹೋಗಿಬಿಟ್ಟಳು. ಇನ್ನೊಂದು ದಿನ ಇರು, ಇನ್ನೊಂದು ಸಲ ಹಾಕ್ತೀನಿ ಎಂದು ರೈಹಾನಾ ಏರಿಯವರೆಗೂ ಹಿಂದೆ ಹೋಗಿ ಹೇಳಿದಳು. ಅಣ್ಣನ ಮದುವೆ, ನಿಲ್ಲಲಾಗದು ಎಂದಳು ಅವಳು.

ಎಂಟನೆಯ ದಿನ ಬೆಳಿಗ್ಗೆ ರೈಹಾನಾ ಬಾಗಿಲು ತೆರೆದು ಹೊರಗೆ ಬಂದಾಗ ಪಾರಿವಾಳಗಳೆಲ್ಲ ಗೋಪುರದ ಮೇಲೆ ಸಾಲಾಗಿ ಕೂತಿದ್ದವು. ಬೋರೆಮರದಿಂದ ಕಾಲುವೆಯವರೆಗೂ ಹೆಂಗಸರು ನಿಂತಿದ್ದರು. ಕೋಮ್ ನಬಕಿನವರಷ್ಟೇ ಅಲ್ಲ, ಕಾಲುವೆಯಾಚೆಯ ಗುಡಿಸಲುಗಳವರೂ ಬಂದಿದ್ದರು. ಪ್ರತಿಯೊಬ್ಬಳ ಕೈಯಲ್ಲೂ ಕೊಳ್ಳಲು ಏನಾದರೂ ಇತ್ತು: ಮೊಟ್ಟೆ, ಜೋಳದ ಕಟ್ಟು, ಸೆರಗಿನಲ್ಲಿ ಬೇಳೆ. ಏಳು ಮಕ್ಕಳು ತೋಳು ಬಿಟ್ಟುಕೊಂಡು ಮರದ ಕೆಳಗೆ ದರ್ಬಾರಿನಲ್ಲಿ ಕೂತವರಂತೆ ಕೂತಿದ್ದರು. ಉಮ್ಮು ಗಾದ್ ಅವರ ಪರವಾಗಿ ಚೌಕಾಸಿ ನಡೆಸುತ್ತಿದ್ದಳು.

"ಇದಕ್ಕೆ ಎರಡು ಮೊಟ್ಟೆ. ನೋಡು ಹೇಗೆ ತುಂಬಿದೆ. ಎರಡಕ್ಕೆ ಒಪ್ಪದಿದ್ರೆ ಆ ಕಡೆ ಹುಡುಗನ ಹತ್ರ ಹೋಗು, ಅವನು ಒಂದಕ್ಕೆ ಕೊಡ್ತಾನೆ, ಪೆದ್ದ."

ರೈಹಾನಾ ಬಾಗಿ ಬಹಿಯ್ಯಾಳ ತೋಳು ನೋಡಿದಳು. ವರ್ದಾಳ ತೋಳಿನ ಮೇಲೆ ಈಗ ಒಣಗಿದ ಹೆಕ್ಕಳೆ ಮಾತ್ರ ಇತ್ತು. ಅಲ್ಲಿದ್ದದ್ದು ಅಲ್ಲಿ ಇಲ್ಲ. ಅದು ಎದ್ದು ಬಂದು ಇಲ್ಲಿ ಕೂತಿದೆ, ಒಂದು ಹೋಗಿ ಏಳಾಗಿದೆ, ಸಂಜೆಯ ಹೊತ್ತಿಗೆ ಅರವತ್ತಾಗುತ್ತದೆ. ಹಂಚಿದಷ್ಟೂ ಹೆಚ್ಚುವ ಇನ್ನೊಂದು ವಸ್ತುವನ್ನು ಅವಳು ಕಂಡಿರಲಿಲ್ಲ. ನೀರು ಹಂಚಿದರೆ ಕೊಡ ಬರಿದಾಗುತ್ತದೆ, ರೊಟ್ಟಿ ಹಂಚಿದರೆ ಹಸಿವು ಉಳಿಯುತ್ತದೆ. ಚೂರಿಯನ್ನು ಕೆಳಗಿಟ್ಟು ಒಂದು ಕ್ಷಣ ಅಂಗೈಗಳನ್ನು ಮಂಡಿಗೆ ಒತ್ತಿಕೊಂಡಳು.

"ಹುಷಾರಿಲ್ವಾ?" ಎಂದು ಕೇಳಿದ ಅತ್ವಾ.

"ಇದೀನಿ. ನೀನು ಇದನ್ನ ನೋಡ್ತಾ ಇದೀಯಾ, ಉಸ್ತಾ?"

ಅವನು ತಮಾಷೆಗೆ ಬಾಯಿ ತೆರೆದವನು ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸಿದ. "ನೋಡ್ತಾ ಇದೀನಿ," ಎಂದ.

ಆ ದಿನ ಅರವತ್ತೆರಡು ಮಕ್ಕಳಿಗಾಯಿತು. ಹಸನ್ ಹೋಗಿ ಹಸನಾ ಆದ, ಅಮೀನ್ ಅಮೀನಾ ಆದ. ಹೆಣ್ಣಾಗಲು ಒಪ್ಪದೆ ಅತ್ತವನೆಂದರೆ ಶೇಖನ ಏಳು ವರ್ಷದ ಮೊಮ್ಮಗ ಒಬ್ಬನೇ. ಅವನಿಗೆ ಮಿಠಾಯಿ ಕೊಟ್ಟು ಫಾತಿಮಾ ಮಾಡಲಾಯಿತು.

ಇನ್ನೂ ಎಂಟು ದಿನ ಕಳೆದು ಮುಂದಿನ ಊರಿಗೆ ಹೊರಡುವಾಗ ಮೂವರು ಮಕ್ಕಳ ತೋಳಿನಲ್ಲಿ ಮದ್ದು ಹೋಯಿತು. ಮಕ್ಕಳ ಜೊತೆ ತಾಯಂದಿರು ಹೊರಟರು. ಉಮ್ಮು ಗಾದ್ ತನ್ನ ಗಂಟನ್ನು ತಲೆಯ ಮೇಲಿಟ್ಟುಕೊಂಡು ಬಂದು ನಿಂತಳು.

"ನೀನೆಲ್ಲಿಗೆ?"

"ಅಲ್ಲಿ ನಿನಗೆ ಮಾರೋಕೆ ಬರುತ್ತಾ? ನಿನ್ನ ಬಾಯಿಂದ ಪುಕ್ಕಟೆ ಅನ್ನೋ ಮಾತು ಬಿದ್ರೆ ಮುಗೀತು, ಎಲ್ಲ ಗೋಪುರ ಹತ್ತಿ ಕೂತ್ಕೋತಾರೆ."

ಸಿಡುಬು ಕೋಮ್ ನಬಕಿಗೆ ಬಂದದ್ದು ಅದಾಗಿ ಎರಡು ವಾರಕ್ಕೆ. ಬಟ್ಟೆ ಮಾರುವವನೊಬ್ಬ ಮೈತುಂಬ ಜ್ವರ ಹೊತ್ತು ಬಂದು ಊರ ಮಸೀದಿಯ ಜಗಲಿಯಲ್ಲಿ ಬಿದ್ದ. ಅವನನ್ನು ನೋಡಿಕೊಂಡವರ ಮನೆಗಳಲ್ಲಿ ಮಕ್ಕಳಿದ್ದರು, ಪಕ್ಕದ ಮನೆಗಳಲ್ಲೂ ಇದ್ದರು. ತಾಯಂದಿರು ಹಗಲೆಲ್ಲ ಮಕ್ಕಳ ಹಣೆ ಮುಟ್ಟಿ ನೋಡುತ್ತಿದ್ದರು. ಒಂದು ದಿನ, ಐದು ದಿನ, ಹದಿನೈದು ದಿನ. ಒಂದು ಹಣೆಯೂ ಬಿಸಿಯಾಗಲಿಲ್ಲ. ಬಟ್ಟೆಯವನು ಸತ್ತ, ಅವನನ್ನು ಹೂಳುವಾಗ ಮಕ್ಕಳು ಚಿಂದಿ ಚೆಂಡಿನಲ್ಲಿ ಆಡುತ್ತಿದ್ದರಂತೆ, ಯಾರೂ ಗದರಲಿಲ್ಲವಂತೆ. ಕಾಲುವೆಯ ಎರಡೂ ದಿಕ್ಕಿನ ಊರುಗಳಲ್ಲಿ ದಿನಾ ಗೋರಿ ತೋಡುತ್ತಿದ್ದರು. ಅಣ್ಣನ ಮದುವೆಗೆಂದು ಹೋದವಳ ಮಗು ಅಲ್ಲೇ ತೀರಿಕೊಂಡಿತು. ಸುದ್ದಿ ಬಂದ ದಿನ ರೈಹಾನಾ ಮೂರನೆಯ ಊರಿನಲ್ಲಿದ್ದಳು. ಚೂರಿ ತೊಳೆದಿಟ್ಟು ಕಾಲುವೆಯ ದಡದಲ್ಲಿ ಒಬ್ಬಳೇ ಬಹಳ ಹೊತ್ತು ಕೂತಿದ್ದು, ಎದ್ದು ಬಂದು ಉಳಿದ ಮಕ್ಕಳಿಗೆ ಹಾಕಿದಳು.

ಬೇಸಿಗೆಯ ಆರಂಭದಲ್ಲಿ ಅವಳಿಗೆ ಅಸ್ಯೂತಿನಿಂದ ಕರೆ ಬಂತು. ಪುಸ್ತಕಗಳನ್ನು ಪರೀಕ್ಷಿಸುವ ರಸ್ಮೀ ಎಫೆಂದಿ ಕನ್ನಡಕ ಹಣೆಗೇರಿಸಿಕೊಂಡು ಹಾಳೆ ತಿರುವುತ್ತಿದ್ದ.

"ಕೋಮ್ ನಬಕ್. ಎಪ್ಪತ್ತೊಂದು ಮಕ್ಕಳು. ಎಪ್ಪತ್ತೊಂದೂ ಹೆಣ್ಣು."

"ಹೌದು, ಎಫೆಂದಿ."

"ಅದರ ಮುಂದಿನ ಊರಲ್ಲಿ ಐವತ್ತಾರು. ಅಲ್ಲೂ ಹೆಣ್ಣೇ. ಈ ಸೀಮೆಯಲ್ಲಿ ಗಂಡು ಹುಟ್ಟೋದು ನಿಂತುಹೋಗಿದೆಯಾ?"

"ನಾನು ಹೋದಾಗ ಊರಲ್ಲಿ ಮಕ್ಕಳೇ ಇಲ್ಲ ಅಂತ ಶೇಖ್ ಹೇಳಿದ್ರು. ಅವರಿಗಿಂತ ನನ್ನ ಲೆಕ್ಕ ವಾಸಿ."

ರಸ್ಮೀ ಎಫೆಂದಿ ನಗಲಿಲ್ಲ. ಪುಸ್ತಕ ಮುಚ್ಚಿದ. ಸುಳ್ಳು ಬರೆದ ಅಧಿಕಾರಿಗೆ ಏನು ಶಿಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ.

"ಈ ತಿಂಗಳ ಹಡಗಿನಲ್ಲಿ ಮೂವತ್ತು ಗಾಜು ಬಂದವು," ಎಂದ. "ಎಲ್ಲ ಸತ್ತಿವೆ. ನನ್ನ ಮಗಳು ಹೆತ್ತು ನಾಲ್ಕು ತಿಂಗಳಾಯ್ತು. ಗಂಡುಮಗು. ಜೀವಂತ ಮದ್ದು ಈಗ ಎಲ್ಲಿದೆ?"

"ತೆಂಕಣಕ್ಕೆ ಆರು ಊರಿನಾಚೆ. ನಾಳೆಗೆ ಎಂಟನೇ ದಿನ, ಬಡಗಣಕ್ಕೆ ತರೋ ಮಗು ಹೊರಟಿದೆ. ನಾಡಿದ್ದು ಇಲ್ಲಿರುತ್ತೆ." ಅವಳು ತಡೆದು ಹೇಳಿದಳು, "ನಿಜವಾದ ಹೆಸರು ಬರೀತೀನಿ ಅಂತ ಹೇಳಿದ್ರೆ ಆ ತಾಯಿ ದಾರಿಯಲ್ಲೇ ಹಿಂದಕ್ಕೆ ಹೋಗ್ತಾಳೆ, ಎಫೆಂದಿ."

ಎಫೆಂದಿ ಅವಳ ಎದೆಯ ಬಿಲ್ಲೆಯನ್ನು ಬಿಚ್ಚಿಸಿಕೊಂಡು ಮೇಜಿನ ಖಾನೆಯೊಳಗಿಟ್ಟ. ಅಷ್ಟಾದರೂ ಮಾಡದೆ ತನಗೆ ಗತಿಯಿಲ್ಲ ಎಂದ. ಪುಸ್ತಕವನ್ನು ಅದೇ ಖಾನೆಗೆ ತಳ್ಳಿ ಬೀಗ ಹಾಕಿದ. ಕತ್ತೆಯನ್ನು ಅವಳಿಗೇ ಬಿಟ್ಟ. ಹೇಳಿದ್ದ ದಿನ ಅವನ ಮೊಮ್ಮಗನಿಗೆ ಹಾಕುವಾಗ ಮದ್ದು ತಂದ ತಾಯಿ ಅವನ ಮುಖವನ್ನೇ ನೋಡಿ ನಾಲ್ಕು ಮೊಟ್ಟೆ ಕೇಳಿದಳು. ಅವನು ಚೌಕಾಸಿಯಿಲ್ಲದೆ ಕೊಡಹೋದದ್ದಕ್ಕೆ ಗಾಬರಿಯಾಗಿ, ಮೂರಕ್ಕೆ ಇಳಿಸಿಕೊಳ್ಳಿ, ಇಲ್ಲದಿದ್ರೆ ಹಿಡಿಯಲ್ಲ ಎಂದು ಅವಳೇ ಕಲಿಸಬೇಕಾಯಿತು.

ಬಿಲ್ಲೆಯಿಲ್ಲದೆ ರೈಹಾನಾ ಮತ್ತೆ ತೆಂಕಣಕ್ಕೆ ಹೋದಳು. ನದಿ ಕೆಂಪಾಗಿ ಏರತೊಡಗಿದಾಗ ಹೊಲಗಳೆಲ್ಲ ಮುಳುಗಿ, ಊರುಗಳು ದ್ವೀಪಗಳಾಗಿ, ಕೆಲಸ ನಿಂತಿತು. ಅತ್ವಾ ಮಗಳನ್ನು ಕರೆದುಕೊಂಡು ಅಸ್ಯೂತಿಗೆ ಮರಳಿದ. ಉಮ್ಮು ಗಾದ್ ಮನ್ಸೀಯ ಮದುವೆಗೆಂದು ಊರಿಗೆ ಹೋದಳು. ರೈಹಾನಾ ಒಬ್ಬಳೇ ಕಡವಿನ ದೋಣಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದಳು. ಅವಳು ಯಾವತ್ತೂ ಆ ದಡದ ಊರುಗಳಿಗೆ ಹೋದವಳಲ್ಲ.

ಎದುರು ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಬಿಸಿಲಿಗೆ ಮಗುವಿನ ಅಂಗಿಯ ತೋಳನ್ನು ಮೇಲೆ ಸುತ್ತಿದ್ದಳು. ಅಲ್ಲಿ ಮೂರು ಗುಳ್ಳೆಗಳಿದ್ದವು. ನಡುವೆ ತಗ್ಗು, ಸುತ್ತ ತೆಳುಗೆಂಪಿನ ಉಂಗುರ.

"ಯಾರು ಹಾಕಿದ್ದು?" ಎಂದು ಕೇಳಿದಳು ರೈಹಾನಾ.

"ನಮ್ಮ ನಾದಿನಿ. ಅವಳಿಗೆ ಅವಳೂರಿನ ಸೂಲಗಿತ್ತಿ ಕೊಟ್ಟಿದ್ದು. ಆ ಸೂಲಗಿತ್ತಿಗೆ ಯಾರೋ ಆಚೆ ದಡದವರು."

"ಹಕೀಮಾ ಯಾರೂ ಬಂದಿರಲಿಲ್ವಾ?"

"ಹಕೀಮಾ ಅಂದ್ರೆ?" ಎಂದಳು ಆ ಹೆಂಗಸು. ಸಿಡುಬಿನ ಕಲೆಗಳಿದ್ದ ಈ ಅಪರಿಚಿತಳ ಮುಖವನ್ನು ಒಂದು ಗಳಿಗೆ ನೋಡಿ, ಮರುಕದಿಂದ ಹೇಳಿದಳು, "ನಿಮಗೆ ಚಿಕ್ಕವರಿದ್ದಾಗ ಇದು ಸಿಕ್ಕಿರಲಿಲ್ಲ ಅಲ್ವಾ? ನಾಳೆ ನಮ್ಮ ಕೇರಿ ಮಕ್ಕಳಿಗೆಲ್ಲ ಇವನದ್ದೇ. ಎಂಟನೇ ದಿನ ತೆಗೀಬೇಕಂತೆ, ಒಂದು ದಿನ ಆಚೀಚೆ ಆಗಬಾರದಂತೆ."

"ಹೌದು," ಎಂದಳು ರೈಹಾನಾ. "ಆಗಬಾರದು."

ಮುಟ್ಟಿ ನೋಡಲೇ ಎಂದು ಕೇಳಿದಳು. ಆ ತಾಯಿ ಮಗುವನ್ನೇ ಎತ್ತಿ ಅವಳ ಕೈಗೆ ಕೊಟ್ಟಳು. ಮಗು ಬೆಚ್ಚಗಿತ್ತು, ಮಲಗಿತ್ತು. ಗುಳ್ಳೆಯೊಳಗಿನ ನೀರು ತಿಳಿಯಾಗಿತ್ತು. ಸುತ್ತ ಕಣ್ಣು ಹಾಯುವವರೆಗೂ ಕೆಂಪು ನೀರು ಹರಿಯುತ್ತಿತ್ತು. ದೋಣಿ ದಡ ಮುಟ್ಟುವವರೆಗೂ ರೈಹಾನಾ ಮಗುವನ್ನು ಎತ್ತಿಕೊಂಡೇ ಕೂತಿದ್ದಳು. ಆ ಹೆಂಗಸು ಇಳಿದು, ಮಗುವನ್ನು ತೆಗೆದುಕೊಂಡು, ಏರಿಯ ಮೇಲೆ ತನ್ನ ಊರಿನ ಕಡೆಗೆ ಬಿರಬಿರನೆ ನಡೆದಳು.